ಇಸ್ಲಾಮಿ ವಾರಸಾದಲ್ಲಿ ಹೆಣ್ಣುಮಕ್ಕಳ ಪಾಲು: ನ್ಯಾಯ ಎಲ್ಲಿದೆ, ಲೆಕ್ಕ ಹೇಗೆ?

ಶರೀಅತ್ ಅಂದ ಕೂಡಲೇ ಮಾತು ತಲಾಖ್ ಕಡೆ ಹೋಗುತ್ತದೆ, ಇಲ್ಲವೇ ಟಿವಿಯಲ್ಲಿ ಕಂಡ ಯಾವುದೋ ದೇಶದ ಶಿಕ್ಷೆಯ ಕಡೆ ಹೋಗುತ್ತದೆ. ಆದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮುಸ್ಲಿಂ ಮನೆಗಳಲ್ಲಿ ಈ ಕಾನೂನು ನಿಜವಾಗಿ ಬಾಗಿಲು ತಟ್ಟುವುದು ಮನೆಯ ಹಿರಿಯರು ತೀರಿಕೊಂಡಾಗ. ಹೊಲ ಯಾರಿಗೆ, ಮನೆ ಯಾರಿಗೆ, ಅಮ್ಮನಿಗೆ ಏನು, ಮದುವೆಯಾಗಿ ಹೋದ ಅಕ್ಕತಂಗಿಯರಿಗೆ ಏನು? ಇಸ್ಲಾಮಿ ಕಾನೂನಿನಲ್ಲಿ ನ್ಯಾಯ ಮತ್ತು ಸಮಾನತೆ ಅಂದರೆ ಏನು ಎಂದು ತಿಳಿಯಬೇಕಾದರೆ ಈ ಪಾಲಿನ ಲೆಕ್ಕಕ್ಕಿಂತ ಒಳ್ಳೆಯ ಜಾಗ ಇಲ್ಲ. ಅದರ ಬಲ ಇಲ್ಲೇ ಕಾಣುತ್ತದೆ. ಅದರ ಮೇಲಿರುವ ಕಠಿಣ ಪ್ರಶ್ನೆಗಳೂ ಇಲ್ಲೇ ಕಾಣುತ್ತವೆ.

ಈ ನಿಯಮ ಹುಟ್ಟಿದ್ದು ಒಬ್ಬ ವಿಧವೆಯ ದೂರಿನಿಂದ ಎಂದು ಹದೀಸ್ ಸಂಗ್ರಹಗಳು, ಅಂದರೆ ಪ್ರವಾದಿಯವರ ಮಾತು, ನಡೆಗಳ ದಾಖಲೆಗಳು, ಹೇಳುತ್ತವೆ. ಕ್ರಿ.ಶ. 625ರ ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀ ಎಂಬ ಮದೀನಾದ ಸಹಾಬಿ (ಪ್ರವಾದಿಯವರ ಸಂಗಾತಿ) ಸತ್ತರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಆ ಕಾಲದ ಅರಬ್ ರೂಢಿಯಲ್ಲಿ ಆಸ್ತಿ ಹೋಗುತ್ತಿದ್ದದ್ದು ಕತ್ತಿ ಹಿಡಿಯಬಲ್ಲ ಗಂಡಸರಿಗೆ. ಹಾಗಾಗಿ ಸಅದರ ಅಣ್ಣತಮ್ಮ ಬಂದು ಎಲ್ಲವನ್ನೂ ತಗೊಂಡರು. ಹೆಂಡತಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಪ್ರವಾದಿ ಮುಹಮ್ಮದರ ಬಳಿ ಹೋದರು. ಈ ಮಕ್ಕಳ ತಂದೆ ನಿಮ್ಮ ಜೊತೆ ನಿಂತು ಪ್ರಾಣ ಕೊಟ್ಟರು, ಈಗ ಇವರ ಕೈಯಲ್ಲಿ ಏನೂ ಇಲ್ಲ, ಆಸ್ತಿ ಇಲ್ಲದೆ ಇವರ ಮದುವೆಯೂ ಆಗುವುದಿಲ್ಲ ಎಂದರು. ಅದಾದ ಮೇಲೆ ವಾರಸಾದ ಆಯತ್ (ಕುರ್‌ಆನಿನ ವಾಕ್ಯ) ಇಳಿಯಿತು ಎನ್ನುತ್ತದೆ ಹದೀಸ್. ಪ್ರವಾದಿ ಆ ಚಿಕ್ಕಪ್ಪನನ್ನು ಕರೆಸಿದರು. ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಪಾಲು, ಅವರ ತಾಯಿಗೆ ಎಂಟರಲ್ಲಿ ಒಂದು ಪಾಲು ಕೊಡಿ, ಉಳಿದದ್ದು ನಿಮ್ಮದು ಎಂದರು.

ಲೆಕ್ಕ ಹಾಕಿ ನೋಡಿ. ಆಸ್ತಿಯನ್ನು 24 ಭಾಗ ಮಾಡಿದರೆ ಹೆಣ್ಣುಮಕ್ಕಳಿಗೆ 16, ತಾಯಿಗೆ 3, ಚಿಕ್ಕಪ್ಪನಿಗೆ 5. ನಿನ್ನೆಯವರೆಗೆ ಪೂರ್ತಿ 24 ಅವನದಾಗಿತ್ತು.

ಕುರ್‌ಆನಿನ ನಾಲ್ಕನೇ ಅಧ್ಯಾಯ ಅನ್ನಿಸಾದಲ್ಲಿ ಈ ನಿಯಮಗಳಿವೆ. ಏಳನೇ ಆಯತ್ ಮೊದಲ ಕಲ್ಲು ಹಾಕುತ್ತದೆ: ತಂದೆತಾಯಿ, ಹತ್ತಿರದ ಬಂಧುಗಳು ಬಿಟ್ಟುಹೋದದ್ದರಲ್ಲಿ ಗಂಡಸರಿಗೂ ಪಾಲಿದೆ, ಹೆಂಗಸರಿಗೂ ಪಾಲಿದೆ, ಆಸ್ತಿ ಸ್ವಲ್ಪವಿರಲಿ ಜಾಸ್ತಿಯಿರಲಿ, ಅದು ಗೊತ್ತುಮಾಡಿದ ಪಾಲು. ಹನ್ನೊಂದು, ಹನ್ನೆರಡು ಮತ್ತು 176ನೇ ಆಯತ್‌ಗಳು ಯಾರಿಗೆ ಎಷ್ಟು ಎಂದು ಹೇಳುತ್ತವೆ. ನಮಾಜ್ ಹೇಗೆ ಮಾಡಬೇಕು ಎಂಬ ವಿವರಗಳನ್ನು ಕೂಡ ಕುರ್‌ಆನ್ ಹೆಚ್ಚಾಗಿ ಪ್ರವಾದಿಯವರ ನಡೆಗೆ ಬಿಟ್ಟಿದೆ. ಪಾಲಿನ ವಿಷಯದಲ್ಲಿ ಮಾತ್ರ ಅರ್ಧ, ಕಾಲು, ಎಂಟನೇ ಒಂದು, ಆರನೇ ಒಂದು ಎಂದು ತಾನೇ ಭಿನ್ನರಾಶಿ ಬರೆದಿದೆ. ಕಾರಣ ಊಹಿಸುವುದು ಕಷ್ಟವಲ್ಲ. ಮನೆಯವರ ಮನಸ್ಸಿಗೆ ಬಿಟ್ಟರೆ ಯಾರ ಪಾಲು ಮೊದಲು ಮಾಯವಾಗುತ್ತದೆ ಎಂದು ಸಅದರ ಹೆಂಡತಿಯ ಕಥೆಯೇ ಹೇಳುತ್ತದಲ್ವಾ?

ಈಗ ನಮ್ಮ ಕಡೆಯ ಒಂದು ಲೆಕ್ಕ ಹಿಡಿಯೋಣ. ಜೇವರ್ಗಿ ಕಡೆ ಒಬ್ಬ ರೈತ ಇದ್ದ ಅಂದುಕೊಳ್ಳಿ. 24 ಎಕರೆ ತೊಗರಿ ಹೊಲ, ಅವನ ಹೆಸರಿನಲ್ಲೇ. ಅವನು ತೀರಿಕೊಂಡಾಗ ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಇದ್ದಾರೆ. ತಂದೆತಾಯಿ ಮೊದಲೇ ಹೋಗಿದ್ದಾರೆ.

ಮೊದಲು ಹೆಂಡತಿಯ ಪಾಲು. ಮಕ್ಕಳಿದ್ದಾರೆ, ಹಾಗಾಗಿ ಎಂಟರಲ್ಲಿ ಒಂದು. ಅಂದರೆ 3 ಎಕರೆ. ಮಕ್ಕಳಿಲ್ಲದಿದ್ದರೆ ನಾಲ್ಕರಲ್ಲಿ ಒಂದು ಬರುತ್ತಿತ್ತು. ಉಳಿದದ್ದು 21 ಎಕರೆ. ಗಂಡುಮಗನಿಗೆ ಎರಡು ಪಾಲು, ಹೆಣ್ಣುಮಗಳಿಗೆ ಒಂದು ಪಾಲು. ಇಬ್ಬರು ಗಂಡುಮಕ್ಕಳಿಗೆ ನಾಲ್ಕು, ಮೂವರು ಹೆಣ್ಣುಮಕ್ಕಳಿಗೆ ಮೂರು, ಒಟ್ಟು ಏಳು ಪಾಲು. 21ನ್ನು ಏಳರಿಂದ ಭಾಗಿಸಿದರೆ ಒಂದು ಪಾಲು 3 ಎಕರೆ. ಒಬ್ಬೊಬ್ಬ ಮಗನಿಗೆ 6 ಎಕರೆ, ಒಬ್ಬೊಬ್ಬ ಮಗಳಿಗೆ 3 ಎಕರೆ. ಹೆಂಗಸರ ಕೈಗೆ ಬರುವುದೆಷ್ಟು? ತಾಯಿಯ 3, ಹೆಣ್ಣುಮಕ್ಕಳ 9, ಒಟ್ಟು 12 ಎಕರೆ. ಆ ಹೊಲದ ಸರಿ ಅರ್ಧ.

ಆದರೆ ಪಾಲು ಹಂಚುವ ಮೊದಲು ಕೆಲವು ಕೆಲಸ ಮುಗಿಯಬೇಕು. ಮಯ್ಯತ್ತಿನ, ಅಂದರೆ ದಫನದ ಖರ್ಚು ಕಳೆಯಬೇಕು. ಆಮೇಲೆ ಸಾಲ ತೀರಬೇಕು. ಇಲ್ಲಿ ಬಹಳ ಮನೆಗಳು ಒಂದು ಸಾಲವನ್ನು ಮರೆಯುತ್ತವೆ. ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಧನವೇ ಮೆಹರ್; ನಿಕಾಹ್‌ನಲ್ಲಿ ಬರೆಸಿ ಗಂಡ ಕೊಡದೇ ಉಳಿಸಿಕೊಂಡ ಮೆಹರ್ ಕೂಡ ಸಾಲವೇ. ಬ್ಯಾಂಕಿನ ಬೆಳೆಸಾಲ, ಅಡತಿ ಅಂಗಡಿಯ ಬಾಕಿ ಎಲ್ಲರಿಗೂ ನೆನಪಿರುತ್ತವೆ. ವಿಧವೆಯ ಮೆಹರ್ ನೆನಪಾಗುವುದಿಲ್ಲ. ನಿಯಮದ ಪ್ರಕಾರ ಅದು ತೀರಿದ ಮೇಲೆಯೇ ಪಾಲಿನ ಮಾತು, ಅದೂ ಅವಳ ಎಂಟನೇ ಒಂದು ಭಾಗವನ್ನು ಮುಟ್ಟದೆ.

ಸಾಲ ತೀರಿದ ಮೇಲೆ ವಸಿಯತ್. ಸತ್ತವರು ಬರೆದಿಟ್ಟ ಉಯಿಲು ಉಳಿದ ಆಸ್ತಿಯ ಮೂರರಲ್ಲಿ ಒಂದು ಭಾಗದವರೆಗೆ ಮಾತ್ರ ನಡೆಯುತ್ತದೆ. ಸಅದ್ ಬಿನ್ ಅಬೀ ವಕ್ಕಾಸ್ ಎಂಬ ಸಹಾಬಿ ಕಾಯಿಲೆ ಬಿದ್ದಾಗ ಮೂರರಲ್ಲಿ ಎರಡು ಭಾಗ ದಾನ ಮಾಡಲೇ ಎಂದು ಕೇಳಿದರು. ಬೇಡ ಎಂದರು ಪ್ರವಾದಿ. ಅರ್ಧ? ಬೇಡ. ಮೂರರಲ್ಲಿ ಒಂದು? ಸರಿ, ಅದೂ ಜಾಸ್ತಿಯೇ, ನಿಮ್ಮ ವಾರಸುದಾರರು ಜನರ ಮುಂದೆ ಕೈಚಾಚುವಂತೆ ಬಿಟ್ಟುಹೋಗುವುದಕ್ಕಿಂತ ಅವರು ಉಳ್ಳವರಾಗಿರುವಂತೆ ಬಿಟ್ಟುಹೋಗುವುದು ಮೇಲು ಎಂದರು. ಇನ್ನೊಂದು ಹದೀಸ್ ಪ್ರಕಾರ ವಾರಸುದಾರನಿಗೆ ವಸಿಯತ್ ಇಲ್ಲ. ನಮ್ಮಲ್ಲಿ ಹನಫಿ ಪಂಥದವರೇ ಜಾಸ್ತಿ. ಆ ಪಂಥದಲ್ಲಿ, ಅಪ್ಪ ಸತ್ತ ಮೇಲೆ ಬೇರೆ ವಾರಸುದಾರರೆಲ್ಲ ಒಪ್ಪದ ಹೊರತು ಒಬ್ಬ ಮಗನಿಗೆ ಜಾಸ್ತಿ ಬರೆದಿಟ್ಟ ಉಯಿಲು ನಿಲ್ಲುವುದಿಲ್ಲ. ಅಂದರೆ ಮುದ್ದಿನ ಮಗ, ಮುನಿಸಿನ ಮಗಳು ಎಂಬ ಲೆಕ್ಕವನ್ನು ಅಪ್ಪ ಉಯಿಲಿನಲ್ಲಿ ತೀರಿಸಿಕೊಳ್ಳುವ ಹಾಗಿಲ್ಲ.

ನನ್ನ ಪ್ರಕಾರ ಇಸ್ಲಾಮಿ ಕಾನೂನಿನ ನ್ಯಾಯದ ತಿರುಳು ಇದು. ಬಲ ಇರುವವನ ಇಷ್ಟಕ್ಕೆ ಬಿಡದೆ, ಬಲ ಇಲ್ಲದವರ ಹೆಸರಿನಲ್ಲಿ ಮೊದಲೇ ಪಾಲು ಬರೆದಿಡುವುದು. ಮತ್ತೆ ಆ ಬರಹದ ಮುಂದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು.

ಒಂದೇ ಸಾಲಿನಲ್ಲಿ ನಿಲ್ಲಿಸುವ ಮಾತು ಕುರ್‌ಆನಿನಲ್ಲಿ ಬಹಳ ಗಟ್ಟಿಯಾಗಿದೆ. ಅನ್ನಿಸಾದ 135ನೇ ಆಯತ್, ನ್ಯಾಯದ ಪರ ಗಟ್ಟಿಯಾಗಿ ನಿಲ್ಲಿ, ಸಾಕ್ಷಿ ನಿಮ್ಮ ವಿರುದ್ಧವೇ ಹೋದರೂ, ತಂದೆತಾಯಿಯ ವಿರುದ್ಧ ಹೋದರೂ, ಬಂಧುಗಳ ವಿರುದ್ಧ ಹೋದರೂ, ಎದುರಿಗಿರುವವನು ಸಿರಿವಂತನಾಗಲಿ ಬಡವನಾಗಲಿ ಎನ್ನುತ್ತದೆ. ಐದನೇ ಅಧ್ಯಾಯದ ಎಂಟನೇ ಆಯತ್, ಒಂದು ಜನದ ಮೇಲಿನ ಹಗೆತನ ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎನ್ನುತ್ತದೆ. ಮಖ್ಜೂಮ್ ಎಂಬ ದೊಡ್ಡ ಮನೆತನದ ಹೆಂಗಸು ಕದ್ದು ಸಿಕ್ಕಿಬಿದ್ದಾಗ ಶಿಫಾರಸು ಬಂತು. ನಿಮಗಿಂತ ಮುಂಚಿನವರು ಹಾಳಾಗಿದ್ದೇ ಹೀಗೆ, ದೊಡ್ಡವರು ಕದ್ದರೆ ಬಿಡುತ್ತಿದ್ದರು, ದುರ್ಬಲರು ಕದ್ದರೆ ಶಿಕ್ಷಿಸುತ್ತಿದ್ದರು, ನನ್ನ ಮಗಳು ಫಾತಿಮಾ ಕದ್ದಿದ್ದರೂ ನಿಯಮ ಬದಲಾಗುತ್ತಿರಲಿಲ್ಲ ಎಂದು ಪ್ರವಾದಿ ಸಿಟ್ಟಾದರು. ಎರಡನೇ ಖಲೀಫ ಉಮರ್ ತಮ್ಮ ನ್ಯಾಯಾಧೀಶ ಅಬೂ ಮೂಸಾ ಅಶ್‌ಅರಿಗೆ ಬರೆದದ್ದೆನ್ನುವ ಪತ್ರ ಇನ್ನೂ ಕೆಳಗಿನ ಹಂತಕ್ಕೆ ಇಳಿಯುತ್ತದೆ: ನಿಮ್ಮ ನೋಟದಲ್ಲಿ, ನಿಮ್ಮ ಮುಂದೆ ಕೂರಿಸುವ ರೀತಿಯಲ್ಲಿ ಕೂಡ ಇಬ್ಬರನ್ನೂ ಸಮ ಮಾಡಿ, ದೊಡ್ಡವನಿಗೆ ನಿಮ್ಮ ಪಕ್ಷಪಾತದ ಆಸೆ ಹುಟ್ಟಬಾರದು, ದುರ್ಬಲನಿಗೆ ನಿಮ್ಮ ನ್ಯಾಯದ ಮೇಲೆ ನಿರಾಸೆ ಹುಟ್ಟಬಾರದು. ಕಟಕಟೆ ಹತ್ತಿದ ಬಡವನಿಗೆ ನ್ಯಾಯಾಧೀಶರ ಕಣ್ಣೋಟ ಎಷ್ಟು ಮುಖ್ಯ ಎಂಬುದು ಕೋರ್ಟಿನ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು.

ಈ ನಿಯಮವನ್ನು ಗಾಳಿಗೆ ತೂರಿದರೆ ಏನಾಗುತ್ತದೆ ಎಂಬುದಕ್ಕೆ ಬೀದರ್ ಸಾಕ್ಷಿ. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗಾವಾನ್ ಅಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದರು. ಅದರ ಹೆಂಚಿನ ಕೆಲಸ ನೋಡಲು ಇವತ್ತಿಗೂ ಜನ ಬರುತ್ತಾರೆ. ಅವರ ಏಳಿಗೆ ಸಹಿಸದ ದರ್ಬಾರಿನವರು ಅವರ ಮೊಹರು ಇದ್ದ ಕಾಗದದ ಮೇಲೆ ಒಡಿಶಾದ ಅರಸನಿಗೆ ಬರೆದಂತೆ ಸುಳ್ಳು ಪತ್ರ ತಯಾರು ಮಾಡಿ ಸುಲ್ತಾನ ಮೂರನೇ ಮುಹಮ್ಮದ್ ಶಾಹನ ಮುಂದಿಟ್ಟರು. ಸುಲ್ತಾನ ವಿಚಾರಣೆ ಮಾಡಲಿಲ್ಲ, ಸಾಕ್ಷಿ ಕೇಳಲಿಲ್ಲ. 1481ರಲ್ಲಿ ಗಾವಾನರ ತಲೆ ಉರುಳಿತು. ಯಾರಾದರೂ ಸುದ್ದಿ ತಂದರೆ ಮೊದಲು ಪರೀಕ್ಷಿಸಿ, ಇಲ್ಲದಿದ್ದರೆ ತಿಳಿಯದೆ ಒಬ್ಬರಿಗೆ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪ ಪಡುತ್ತೀರಿ ಎಂದು ಕುರ್‌ಆನಿನ 49ನೇ ಅಧ್ಯಾಯದ ಆರನೇ ಆಯತ್ ಹೇಳುತ್ತದೆ. ಸುಲ್ತಾನನಿಗೆ ಆದದ್ದೂ ಅದೇ. ಸತ್ಯ ತಿಳಿದು ಕೊರಗಿ ಮರುವರ್ಷವೇ ಸತ್ತ. ಮುಸ್ಲಿಂ ಅರಸರು ಮಾಡಿದ್ದೆಲ್ಲ ಇಸ್ಲಾಮಿ ಕಾನೂನು ಅಂದುಕೊಳ್ಳುವವರು, ಆ ಕಡೆಯವರಾಗಲಿ ಈ ಕಡೆಯವರಾಗಲಿ, ಈ ಕಥೆಯನ್ನು ಒಮ್ಮೆ ನೆನೆಯಬೇಕು.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಗಂಡಿಗೆ ಎರಡು, ಹೆಣ್ಣಿಗೆ ಒಂದು ಯಾಕೆ? ಇದು ಸಮಾನತೆಯಾ?

ಶಾಸ್ತ್ರದ ಉತ್ತರ ಹೀಗಿದೆ. ಹೆಂಡತಿ, ಮಕ್ಕಳು, ಕೈಲಾಗದ ತಂದೆತಾಯಿ, ಇವರನ್ನು ಸಾಕುವ ಹೊಣೆ ಗಂಡಸಿನ ಮೇಲಿದೆ. ಹೆಂಗಸಿಗೆ ಬಂದ ಆಸ್ತಿ ಅವಳದ್ದು ಮಾತ್ರ. ಗಂಡ ಅದನ್ನು ಮುಟ್ಟುವ ಹಾಗಿಲ್ಲ, ಮನೆ ಖರ್ಚಿಗೆ ಕೊಡು ಎಂದು ಒತ್ತಾಯಿಸುವ ಹಾಗಿಲ್ಲ. ಮೇಲಾಗಿ ಮೆಹರ್ ಅವಳ ಕೈಗೆ ಬರುತ್ತದೆ. ಹೊಣೆ ಜಾಸ್ತಿ ಇರುವವನಿಗೆ ಪಾಲು ಜಾಸ್ತಿ. ಎರಡಕ್ಕೊಂದು ಎಂಬುದು ಎಲ್ಲ ಕಡೆ ನಡೆಯುವ ನಿಯಮವೂ ಅಲ್ಲ. ಸತ್ತವನಿಗೆ ಗಂಡುಮಕ್ಕಳಿದ್ದರೆ ಅವನ ತಂದೆಗೂ ತಾಯಿಗೂ ತಲಾ ಆರರಲ್ಲಿ ಒಂದು, ಇಬ್ಬರಿಗೂ ಸಮ. ಒಂದೇ ತಾಯಿಯ, ಬೇರೆ ತಂದೆಯ ಅಣ್ಣತಂಗಿಯರಿಗೆ ಪಾಲು ಬಂದರೆ ಗಂಡು ಹೆಣ್ಣು ಇಬ್ಬರಿಗೂ ಸಮ.

ಲೆಕ್ಕ ಒಟ್ಟಿಗಿಂತ ಜಾಸ್ತಿಯಾದಾಗ ಏನು ಮಾಡಿದರು ಎಂಬುದೂ ನೋಡುವಂಥದ್ದು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿ ಇದ್ದರೆ 24ರಲ್ಲಿ 3, 16, 4, 4 ಕೊಡಬೇಕು. ಕೂಡಿದರೆ 27. ಆಗ ಯಾರೊಬ್ಬರ ಪಾಲನ್ನೂ ಕಿತ್ತುಕೊಳ್ಳದೆ ಆಸ್ತಿಯನ್ನೇ 27 ಭಾಗ ಮಾಡಿ, ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತಾರೆ. ಖಲೀಫ ಅಲಿ ಖುತ್ಬಾ (ಮಸೀದಿಯ ಪ್ರವಚನ) ಕೊಡುತ್ತ ನಿಂತಿದ್ದಾಗ ಈ ಪ್ರಶ್ನೆ ಬಂತು, ಹೆಂಡತಿಯ ಎಂಟನೇ ಒಂದು ಒಂಬತ್ತನೇ ಒಂದಾಯಿತು ಎಂದು ನಿಂತಲ್ಲೇ ಉತ್ತರ ಕೊಟ್ಟರು ಎಂದು ಸುನ್ನಿ ಗ್ರಂಥಗಳು ಹೇಳುತ್ತವೆ. ನಷ್ಟ ಬಂದರೆ ಎಲ್ಲರಿಗೂ ಬರಲಿ, ವಿಧವೆಯೊಬ್ಬಳಿಗೇ ಬೇಡ. ನನಗೆ ಇದು ಬಹಳ ಇಷ್ಟವಾದ ಲೆಕ್ಕ.

ಆದರೆ ಶಾಸ್ತ್ರದ ಉತ್ತರದಿಂದ ಪ್ರಶ್ನೆ ಮುಗಿಯುವುದಿಲ್ಲ. ನಮ್ಮ ಹೊಲಗಳಲ್ಲಿ ಕಳೆ ತೆಗೆಯುವವರು, ಹತ್ತಿ ಬಿಡಿಸುವವರು, ಕೂಲಿ ಹಣದಿಂದ ಮನೆ ನಡೆಸುವವರು ಯಾರು? ಗಂಡ ಮುಂಬೈಗೋ ಪುಣೆಗೋ ದುಡಿಯಲು ಹೋದ ಮನೆಗಳಲ್ಲಿ ಮಕ್ಕಳನ್ನು ಸಾಕುವವರು ಯಾರು? ಹೊಣೆಗೆ ತಕ್ಕ ಪಾಲು ಎಂಬುದೇ ನಿಯಮದ ಕಾರಣವಾದರೆ, ಹೊಣೆ ಹೆಂಗಸಿನ ಹೆಗಲಿಗೆ ಬಂದಾಗ ಏನು ಹೇಳಬೇಕು? ಈ ಪ್ರಶ್ನೆಯನ್ನು ಮುಸ್ಲಿಂ ಸಮಾಜಗಳೇ ಕೇಳಿಕೊಂಡಿವೆ. ಟುನೀಶಿಯಾದಲ್ಲಿ ಸಮಾನ ಪಾಲಿನ ಮಸೂದೆಗೆ 2018ರಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು, ಸಂಸತ್ತಿನಲ್ಲಿ ಅದು ಪಾಸಾಗಲಿಲ್ಲ. ಕೇರಳದ ಕಾಸರಗೋಡಿನ ವಕೀಲ ಸಿ. ಶುಕ್ಕೂರ್ ಅವರಿಗೆ ಮೂವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಆಸ್ತಿಯ ಒಂದು ಭಾಗ ತಮ್ಮ ಅಣ್ಣತಮ್ಮಂದಿರ ಕಡೆ ಹೋಗುತ್ತದೆ ಎಂದು ಅವರು 2023ರ ಮಾರ್ಚ್ 8ರಂದು ತಮ್ಮ ಹೆಂಡತಿಯನ್ನೇ ವಿಶೇಷ ವಿವಾಹ ಕಾಯ್ದೆಯಡಿ ಮತ್ತೊಮ್ಮೆ ಮದುವೆಯಾದರು. ಆ ಕಾಯ್ದೆಯಲ್ಲಿ ಮದುವೆ ನೋಂದಾಯಿಸಿದ ಮುಸ್ಲಿಂ ದಂಪತಿಗೆ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ, ಮಕ್ಕಳಿಗೆಲ್ಲ ಸಮಪಾಲು. ಇದನ್ನು ಮೆಚ್ಚಿದವರೂ ಇದ್ದರು, ಖಂಡಿಸಿದವರೂ ಇದ್ದರು.

ಇನ್ನೊಂದು ನೋವಿನ ಜಾಗ ಮೊಮ್ಮಕ್ಕಳದು. ಅಜ್ಜ ಬದುಕಿರುವಾಗಲೇ ಒಬ್ಬ ಮಗ ಸತ್ತರೆ, ಇನ್ನೊಬ್ಬ ಮಗ ಇರುವಾಗ ಆ ಸತ್ತ ಮಗನ ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ಪಾಲಿಲ್ಲ. ಹತ್ತಿರದವನು ದೂರದವನನ್ನು ತಡೆಯುತ್ತಾನೆ ಎಂಬುದು ಶಾಸ್ತ್ರ. ಈಜಿಪ್ಟ್ 1946ರಲ್ಲಿ ಇಂಥ ಮೊಮ್ಮಕ್ಕಳಿಗೆ ಕಡ್ಡಾಯ ವಸಿಯತ್ ಎಂಬ ದಾರಿ ಮಾಡಿತು. ಪಾಕಿಸ್ತಾನ 1961ರಲ್ಲಿ ಅವರಿಗೆ ಅಪ್ಪನ ಪಾಲನ್ನೇ ಕೊಟ್ಟಿತು. ಭಾರತದಲ್ಲಿ ಅಂಥ ತಿದ್ದುಪಡಿ ಇಲ್ಲ. ಆದರೆ ಅಜ್ಜನ ಕೈಯಲ್ಲಿ ಮೂರರಲ್ಲಿ ಒಂದು ಭಾಗದ ವಸಿಯತ್ ಇದೆ. ಆ ಮೊಮ್ಮಕ್ಕಳು ವಾರಸುದಾರರಲ್ಲ, ಹಾಗಾಗಿ ಅವರ ಹೆಸರಿಗೆ ಬರೆಯಲು ಯಾರ ಒಪ್ಪಿಗೆಯೂ ಬೇಡ. ಮಗನನ್ನು ಕಳೆದುಕೊಂಡ ಪ್ರತಿ ಅಜ್ಜನಿಗೂ ಈ ಮಾತನ್ನು ಯಾರಾದರೂ ಕೂತು ಹೇಳಬೇಕು.

ಬೇರೆ ಧರ್ಮದವರ ವಿಷಯದಲ್ಲೂ ಹಳೆಯ ಫಿಕ್ಹ್ (ಇಸ್ಲಾಮಿ ಕಾನೂನುಶಾಸ್ತ್ರ) ಭೇದ ಮಾಡುತ್ತದೆ, ಮುಸ್ಲಿಮನಲ್ಲದವನಿಗೆ ಮುಸ್ಲಿಮನ ವಾರಸಾ ಇಲ್ಲ ಎನ್ನುತ್ತದೆ. ನಮ್ಮ ದೇಶದಲ್ಲಿ 1850ರ ಕಾಯ್ದೆಯೊಂದು ಧರ್ಮ ಬಿಟ್ಟವನ ವಾರಸಾ ಹಕ್ಕು ಹೋಗುವುದಿಲ್ಲ ಎಂದು ಈ ನಿಯಮವನ್ನು ಸಡಿಲಿಸಿತ್ತು.

ಇಷ್ಟೆಲ್ಲ ವಾದ ನಡೆಯುವುದು ಅರ್ಧ ಪಾಲು ಸಾಕೇ ಎಂಬುದರ ಮೇಲೆ. ನಮ್ಮ ಕಡೆ ನಿಜವಾದ ಕಷ್ಟ ಆ ಅರ್ಧವೂ ಕೈಗೆ ಬರುವುದಿಲ್ಲ ಎಂಬುದು.

ಉಪನೋಂದಣಿ ಕಚೇರಿಯ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಿ. ಬಾಂಡ್ ಬರೆಯುವವರ ಮೇಜು, ಪಕ್ಕದಲ್ಲಿ ಝೆರಾಕ್ಸ್ ಅಂಗಡಿ. ಬುರ್ಖಾ ತೊಟ್ಟ ಹೆಂಗಸೊಬ್ಬರು ತಮ್ಮನ ಜೊತೆ ಬೆಂಚಿನ ಮೇಲೆ ಕೂತಿರುತ್ತಾರೆ. ಹೆಬ್ಬೆರಳಿಗೆ ಮಸಿ ಹತ್ತಿರುತ್ತದೆ. ಕಾಗದದ ಹೆಸರು ಹಕ್ಕು ಬಿಡುಗಡೆ ಪತ್ರ. "ಆಪಾ, ಇಲ್ಲೊಂದು ಹೆಬ್ಬಟ್ಟು ಒತ್ರಿ, ಬರೀ ಕಾಗದದ ಕೆಲಸ" ಎನ್ನುತ್ತಾನೆ ತಮ್ಮ. "ನನಗ್ಯಾಕ ಬೇಕಪಾ ಹೊಲ, ತವರಿನ ಬಾಗಲ ತೆರದಿದ್ರ ಸಾಕು" ಎನ್ನುತ್ತಾರೆ ಅವರು. 3 ಎಕರೆ ಅಲ್ಲಿಗೆ ಮುಗಿಯಿತು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಹಣೆಗೆ ಕುಂಕುಮ ಇಟ್ಟ ಅಕ್ಕನೊಬ್ಬರು ಅದೇ ಪತ್ರಕ್ಕೆ ಅದೇ ಕಾರಣಕ್ಕೆ ಸಹಿ ಹಾಕುತ್ತಿರುತ್ತಾರೆ. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲಿ ಬಂತು, ಇಡೀ ದೇಶಕ್ಕೆ 2005ರಲ್ಲಿ ಬಂತು. ಕಾನೂನು ಎರಡಿದ್ದರೂ ರೂಢಿ ಒಂದೇ. ಪಾಲು ಕೇಳಿದ ಹೆಣ್ಣು ತವರಿಗೆ ಬೇಡವಾಗುತ್ತಾಳೆ ಎಂಬ ಹೆದರಿಕೆ ಎರಡೂ ಮನೆಗಳಲ್ಲಿ ಒಂದೇ ಥರ ಕೆಲಸ ಮಾಡುತ್ತದೆ.

ಇದನ್ನು ಮಾಡಿಸುವ ಅಣ್ಣತಮ್ಮಂದಿರಲ್ಲಿ ಐದು ಹೊತ್ತಿನ ನಮಾಜ್ ಬಿಡದವರೂ ಇರುತ್ತಾರೆ ಎಂಬುದು ನನಗೆ ಅತಿ ಹೆಚ್ಚು ನೋವು ಕೊಡುವ ಮಾತು. ಪಾಲಿನ ಆಯತ್‌ಗಳು ಮುಗಿದ ಕೂಡಲೇ ಕುರ್‌ಆನ್ ಇವು ಅಲ್ಲಾಹನ ಮಿತಿಗಳು, ಇವನ್ನು ಮೀರಿದವರಿಗೆ ನರಕ ಎಂದು ಎಚ್ಚರಿಸುತ್ತದೆ. ತಂಗಿಯ ಪಾಲು ಕೊಡುವುದು ಅಣ್ಣನ ಔದಾರ್ಯವಲ್ಲ. ಅಪ್ಪ ಕಣ್ಣು ಮುಚ್ಚಿದ ಗಳಿಗೆಯಲ್ಲೇ ಅದು ಅವಳದ್ದಾಗಿದೆ. ಮದುವೆಗೆ ಖರ್ಚು ಮಾಡಿದ್ದೇವೆ, ವರದಕ್ಷಿಣೆ ಕೊಟ್ಟಿದ್ದೇವೆ ಎಂಬ ಲೆಕ್ಕವನ್ನು ಪಾಲಿನಲ್ಲಿ ಮುರಿದುಕೊಳ್ಳಲು ಶರೀಅತ್‌ನಲ್ಲಿ ಜಾಗವಿಲ್ಲ.

ದೇಶದ ಕಾನೂನು ಏನನ್ನುತ್ತದೆ? 1937ರ ಶರೀಅತ್ ಅನ್ವಯ ಕಾಯ್ದೆ ಬ್ರಿಟಿಷ್ ಭಾರತದ್ದು. ಆಗ ನಮ್ಮ ಮೂರೂ ಜಿಲ್ಲೆಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1959ರಲ್ಲಿ ಆ ಕಾಯ್ದೆ ಹಳೆಯ ಸಂಸ್ಥಾನಗಳಿಗೂ ವಿಸ್ತರಣೆಯಾಯಿತು. ಹೆಣ್ಣುಮಕ್ಕಳ ಪಾಲು ನುಂಗುವ ರೂಢಿಗಳನ್ನು ಬದಿಗೆ ಸರಿಸುವುದು ಅದರ ದೊಡ್ಡ ಉದ್ದೇಶವಾಗಿತ್ತು. ಆದರೆ ಕೃಷಿ ಭೂಮಿಯನ್ನು ಅದು ಹೊರಗಿಟ್ಟಿತು. ಇದರಿಂದ ಉತ್ತರ ಪ್ರದೇಶದಂಥ ಕಡೆ ಜಮೀನಿನ ವಾರಸಾ ಬೇರೆ ಕಾನೂನಿಗೆ ಹೋಗಿ ಹೆಣ್ಣುಮಕ್ಕಳು ಹಿಂದೆ ಉಳಿದರು. ನಮ್ಮಲ್ಲಿ ಮುಸ್ಲಿಂ ಕುಟುಂಬದ ಹೊಲದ ದಾವೆ ಬಂದಾಗ ಕೋರ್ಟುಗಳು ಮೇಲೆ ಹೇಳಿದ ಪಾಲನ್ನೇ ಹಾಕುತ್ತ ಬಂದಿವೆ.

ಅಪ್ಪ ಬದುಕಿರುವಾಗಲೇ ಮಗಳಿಂದ ನನಗೆ ಪಾಲು ಬೇಡ ಎಂದು ಸುಮ್ನೆ ಬರೆಸಿಕೊಂಡರೆ ಆ ಕಾಗದಕ್ಕೆ ಮುಸ್ಲಿಂ ಕಾನೂನಿನಲ್ಲಿ ಬೆಲೆಯಿಲ್ಲ. ಇನ್ನೂ ಹುಟ್ಟದ ಹಕ್ಕನ್ನು ಬಿಟ್ಟುಕೊಡಲು ಆಗುವುದಿಲ್ಲ. ಅದಕ್ಕೆ ಬದಲಾಗಿ ಹಣವನ್ನೋ ಜಾಗವನ್ನೋ ಪಡೆದಿದ್ದರೆ ಕೋರ್ಟ್ ಬೇರೆ ಥರ ನೋಡಬಹುದು. ಅಪ್ಪ ಸತ್ತ ಮೇಲೆ ಮಾಡುವ ನೋಂದಣಿಯಾದ ಬಿಡುಗಡೆ ಪತ್ರ ಮಾತ್ರ ಗಟ್ಟಿ. ಹಾಗಾಗಿ ಓದಿಸಿ ಕೇಳದೆ ಹೆಬ್ಬಟ್ಟು ಒತ್ತಬೇಡಿ.

ತಂದೆತಾಯಿಗೆ ಇನ್ನೊಂದು ದಾರಿ ಇದೆ, ಅದು ಹಿಬಾ, ಅಂದರೆ ಬದುಕಿರುವಾಗಲೇ ಕೊಡುವ ಕೊಡುಗೆ. ಮೂರನೇ ಒಂದು ಭಾಗದ ಮಿತಿ ಇದಕ್ಕಿಲ್ಲ. ಕೊಡುವೆ ಎನ್ನಬೇಕು, ಅವರು ಒಪ್ಪಬೇಕು, ಆಸ್ತಿ ಅವರ ಸ್ವಾಧೀನಕ್ಕೆ ಹೋಗಬೇಕು. ಬಾಯಿಮಾತಿನ ಹಿಬಾವನ್ನೂ ಕಾನೂನು ಒಪ್ಪುತ್ತದೆ, ಆದರೂ ನೋಂದಣಿ ಮಾಡಿಸಿದರೆ ಮುಂದೆ ಜಗಳ ಕಡಿಮೆ. ಎರಡಕ್ಕೊಂದು ಎಂಬ ಲೆಕ್ಕ ಸತ್ತ ಮೇಲಿನದು. ಬದುಕಿರುವಾಗ ಕೊಡುವುದಕ್ಕೆ ಬೇರೆ ಹದೀಸ್ ಇದೆ. ನುಅಮಾನ್ ಬಿನ್ ಬಶೀರ್ ಅವರ ತಂದೆ ಒಬ್ಬ ಮಗನಿಗೆ ಮಾತ್ರ ಏನೋ ಕೊಟ್ಟು ಪ್ರವಾದಿಯವರನ್ನು ಸಾಕ್ಷಿಗೆ ಕರೆದರು. ನಿಮ್ಮ ಎಲ್ಲ ಮಕ್ಕಳಿಗೂ ಹೀಗೇ ಕೊಟ್ಟಿದ್ದೀರಾ ಎಂದು ಕೇಳಿದರು ಪ್ರವಾದಿ. ಇಲ್ಲ ಎಂದಾಗ, ಅನ್ಯಾಯಕ್ಕೆ ನಾನು ಸಾಕ್ಷಿಯಾಗುವುದಿಲ್ಲ, ಮಕ್ಕಳ ನಡುವೆ ನ್ಯಾಯದಿಂದ ನಡೆಯಿರಿ ಎಂದರು. ಇದನ್ನು ಆಧಾರವಾಗಿಟ್ಟು, ಹನಫಿಗಳೂ ಸೇರಿ ಬಹಳ ವಿದ್ವಾಂಸರು ಕೊಡುಗೆಯಲ್ಲಿ ಗಂಡು ಹೆಣ್ಣಿಗೆ ಸಮವಾಗಿ ಕೊಡಬೇಕು ಎನ್ನುತ್ತಾರೆ. ಹಂಬಲಿ ಪಂಥದವರು ಮಾತ್ರ ಅಲ್ಲೂ ಎರಡಕ್ಕೊಂದು ಎಂಬ ಕಡೆ ವಾಲುತ್ತಾರೆ. ಮಗಳಿಗೆ ಮಗನಷ್ಟೇ ಕೊಡಬೇಕೆಂಬ ಆಸೆ ಇರುವ ಅಪ್ಪನಿಗೆ ಧರ್ಮ ಬಿಡದೆಯೇ ಬಾಗಿಲು ತೆರೆದಿದೆ.

ಮನೆಯಲ್ಲಿ ಸಾವು ಆದ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕುವಾಗ ಜೊತೆಗೆ ವಂಶವೃಕ್ಷ ಇಡಬೇಕು. ಹೆಣ್ಣುಮಕ್ಕಳ ಹೆಸರು ಹಾರಿಹೋಗುವುದು ಅಲ್ಲೇ. ತಾಯಿಯ ಹೆಸರಿದೆಯಾ, ಮದುವೆಯಾಗಿ ಹೋದ ಎಲ್ಲ ಅಕ್ಕತಂಗಿಯರ ಹೆಸರಿದೆಯಾ ಎಂದು ನಾಡಕಚೇರಿಯಲ್ಲಿ ಕೇಳಿ ನೋಡಿ. ಇಲ್ಲದಿದ್ದರೆ ನೋಟಿಸ್ ಅವಧಿಯೊಳಗೆ ತಕರಾರು ಬರೆದುಕೊಡಿ. ಅಷ್ಟರಲ್ಲಿ ಖಾತೆ ಅಣ್ಣತಮ್ಮಂದಿರ ಹೆಸರಿಗೆ ಆಗಿಹೋಗಿದ್ದರೂ ಪಾಲು ಸತ್ತಿಲ್ಲ. ಪಹಣಿಯಲ್ಲಿ ಹೆಸರು ಇಲ್ಲ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಸಿವಿಲ್ ಕೋರ್ಟಿನಲ್ಲಿ ಪಾಲು ಕೇಳಿ ದಾವೆ ಹೂಡಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲದ ಹೆಂಗಸರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಅದು ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಸಿಗುತ್ತದೆ.